ಹಳೆಯ ಮೋಟರಿನ ಕಂಪನ: ಪಾದ ಸರಿಪಡಿಸಿದ ಕ್ರಮ

ಪೀಣ್ಯದ ನಮ್ಮ ಘಟಕದಲ್ಲಿ, ಬದಲಿಸುವ ಕಾಲ ಹತ್ತಿರವಾಗಿರುವ ಹಳೆಯ ಪಂಪಿನ ಮೋಟರು ವಿಪರೀತ ಕಂಪಿಸಿ ಮೇಲಿಂದ ಮೇಲೆ ಬೇರಿಂಗು ತಿನ್ನುತ್ತಿತ್ತು. ಹೊಸ ಬೇರಿಂಗು, ರೋಟರ್ (ತಿರುಗುವ ಭಾಗ) ಬ್ಯಾಲೆನ್ಸಿಂಗ್, ಮೋಟರು-ಪಂಪುಗಳ ಶಾಫ್ಟುಗಳನ್ನು ಕೂಡಿಸುವ ಕಪ್ಲಿಂಗಿನ ಮರುಜೋಡಣೆ ಯಾವುದೂ ಫಲಿಸಲಿಲ್ಲ. ಮೋಟರನ್ನು ತಳಚೌಕಟ್ಟಿಗೆ ಹಿಡಿದಿಡುವ ಪಾದಗಳ ಬೋಲ್ಟುಗಳನ್ನು ಇನ್ನಷ್ಟು ಬಿಗಿದಾಗ ಕಂಪನ ಹೆಚ್ಚಿದ್ದೇ ಸುಳಿವಾಯಿತು. ತುಕ್ಕು ಹಿಡಿದ ತಳಚೌಕಟ್ಟು ಸೊಟ್ಟಗಾಗಿ, ಒಂದು ಪಾದ ಸರಿಯಾಗಿ ಕೂತಿರಲಿಲ್ಲ.

ವಿದ್ಯುತ್ ಕಡಿದು ಬೀಗ ಹಾಕಿ, ಪಾದಗಳ ಅಡಿಯ ಬಣ್ಣ, ತುಕ್ಕು, ಸಂದಿ ತುಂಬಲು ಇಟ್ಟ ತೆಳು ಲೋಹದ ಹಾಳೆಗಳಾದ ಸುಕ್ಕುಗಟ್ಟಿದ ಶಿಮ್‌ಗಳನ್ನೆಲ್ಲ ತೆಗೆದು ಒರೆಸಿ, ನಾಲ್ಕೂ ಬೋಲ್ಟು ಬಿಗಿದ ಮೇಲೆ, ಪಾದದ ಮೇಲೆ ಸೂಕ್ಷ್ಮ ಚಲನೆ ಅಳೆಯುವ ಡಯಲ್ ಗೇಜಿಟ್ಟು ಸೊನ್ನೆಗೆ ಹೊಂದಿಸಿ, ಆ ಪಾದದ ಬೋಲ್ಟನ್ನು ಮಾತ್ರ ಸಡಿಲಿಸಬೇಕು. 0.05 ಮಿಲಿಮೀಟರಿಗಿಂತ ಹೆಚ್ಚು ಪಾದ ಮೇಲೆದ್ದರೆ, ಅದರ ಅಡಿಯ ಸಂದಿಯನ್ನು ಫೀಲರ್ ಗೇಜಿನಿಂದ (ಗೊತ್ತಾದ ದಪ್ಪದ ತೆಳು ಪಟ್ಟಿಗಳ ಸಾಧನ) ಪಾದದ ನಾಲ್ಕೂ ಮೂಲೆಗಳಲ್ಲಿ ಅಳೆದು, ಅಷ್ಟೇ ದಪ್ಪದ ಸ್ಟೇನ್‌ಲೆಸ್ ಶಿಮ್ ಕೊಟ್ಟು, ಮತ್ತೆ ಬಿಗಿದ ನಂತರವೇ ಮುಂದಿನ ಪಾದ. ತೆಳುವಾದ ಶಿಮ್‌ಗಳನ್ನು ಪೇರಿಸಿದರೆ ಅವು ಸ್ಪ್ರಿಂಗಿನಂತೆ ಕುಣಿಯುತ್ತವೆ. ಒಂದೇ ದಪ್ಪನೆಯದು ಮೇಲು. ಕಪ್ಲಿಂಗಿನ ಅಲೈನ್‌ಮೆಂಟನ್ನು (ಎರಡೂ ಶಾಫ್ಟುಗಳನ್ನು ಒಂದೇ ರೇಖೆಗೆ ತರುವುದು) ಇದೆಲ್ಲ ಮುಗಿದ ಮೇಲೆಯೇ ಹಿಡಿಯಬೇಕು.