ಮ್ಯಾಕ್‌ಬೆತ್‌ನ ನಿದ್ದೆ ಹುಡುಕುತ್ತಾ

ಚಿತ್ರದುರ್ಗದಲ್ಲಿ ಬಿ.ಎ. ಕೊನೆಯ ವರ್ಷದ ಐಚ್ಛಿಕ ಇಂಗ್ಲಿಷ್ ತರಗತಿಗೆ ನಾನು ಮ್ಯಾಕ್‌ಬೆತ್ ಪಾಠ ಮಾಡುತ್ತೇನೆ. ಭರಮಸಾಗರ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳೇ ಹೆಚ್ಚು. ಬಹುತೇಕರು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ನಾಟಕದ ಪುಸ್ತಕ ಕೆಲವರ ಹತ್ತಿರ ಮಾತ್ರ, ಉಳಿದವರ ಹತ್ತಿರ ಗೈಡ್. ಗೈಡಿನಲ್ಲಿ ಸಾರಾಂಶ ಇರುತ್ತದೆ, ಪಾತ್ರಚಿತ್ರಣ ಇರುತ್ತದೆ, ಪರೀಕ್ಷೆಗೆ ಬರಬಹುದಾದ ಪ್ರಶ್ನೆಗೆ ಉತ್ತರವೂ ಇರುತ್ತದೆ. ಷೇಕ್ಸ್‌ಪಿಯರ್ ಬರೆದ ಸಾಲು ಮಾತ್ರ ಇರುವುದಿಲ್ಲ.

ಅದಕ್ಕೇ ಅಂತರ್ಜಾಲದ ಸಾಮಗ್ರಿಯನ್ನು ತರಗತಿಗೆ ತರುವಾಗ ನಾನು ಇಟ್ಟುಕೊಂಡ ಷರತ್ತು ಒಂದೇ: ಅದು ಮಕ್ಕಳನ್ನು ನಾಟಕದ ಸಾಲಿನ ಎದುರು ಕೂರಿಸಬೇಕು. ಸಾಲು ಓದುವುದನ್ನೇ ತಪ್ಪಿಸುವಂಥದ್ದು ಎಷ್ಟು ಚೆಂದವಾಗಿದ್ದರೂ ನನ್ನ ತರಗತಿಗೆ ಬೇಡ. ಬಣ್ಣಬಣ್ಣದ ಸ್ಲೈಡು, ಹತ್ತು ನಿಮಿಷದಲ್ಲಿ ಪೂರ್ತಿ ಕತೆ ಹೇಳುವ ವಿಡಿಯೊ ಎಲ್ಲ ಈ ಷರತ್ತಿಗೇ ಬಿದ್ದುಹೋದವು. ಅವು ಗೈಡಿನ ಕೆಲಸವನ್ನೇ ಇನ್ನಷ್ಟು ಚುರುಕಾಗಿ ಮಾಡುತ್ತವೆ.

ಮೊದಲು ಬೇಕಾದದ್ದು ಪಠ್ಯ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಮ್ಯಾಕ್‌ಬೆತ್ ಉಚಿತವಾಗಿ ಸಿಗುತ್ತದೆ, ಆದರೆ ಅದರ ಸಾದಾ ಪಠ್ಯದಲ್ಲಿ ಸಾಲುಗಳಿಗೆ ಸಂಖ್ಯೆ ಇಲ್ಲ. ತರಗತಿಯಲ್ಲಿ ಎಲ್ಲರೂ ಒಂದೇ ಸಾಲನ್ನು ನೋಡುತ್ತಿದ್ದೇವೆ ಎಂಬ ಖಾತ್ರಿಗೆ ಸಂಖ್ಯೆ ಬೇಕೇ ಬೇಕು. ವಾಷಿಂಗ್ಟನ್ನಿನ ಫೋಲ್ಜರ್ ಷೇಕ್ಸ್‌ಪಿಯರ್ ಗ್ರಂಥಾಲಯ ಎಲ್ಲ ನಾಟಕಗಳನ್ನೂ ಸಾಲಿನ ಸಂಖ್ಯೆ ಸಮೇತ ಉಚಿತವಾಗಿ ಕೊಟ್ಟಿದೆ. ಜಾಲತಾಣದಲ್ಲೇ ಓದಬಹುದು, ಪಿಡಿಎಫ್ ಆಗಿಯೂ ಇಳಿಸಿಕೊಳ್ಳಬಹುದು. ಮ್ಯಾಕ್‌ಬೆತ್ ಷೇಕ್ಸ್‌ಪಿಯರನ ದುರಂತ ನಾಟಕಗಳಲ್ಲೇ ಚಿಕ್ಕದು, ಸುಮಾರು 17,000 ಪದ. ಹಾಗಾಗಿ ಕಡತವೂ ದೊಡ್ಡದಲ್ಲ. ಕಾಲೇಜಿನ ವೈಫೈನಲ್ಲಿ ನಾನೊಬ್ಬಳೇ ಇಳಿಸಿಕೊಂಡು ತರಗತಿಯ ಗುಂಪಿಗೆ ಹಾಕಿದೆ. ಊರಿಗೆ ಹೋದಮೇಲೆ ನೆಟ್‌ವರ್ಕ್ ಸಿಗದಿದ್ದರೂ ಓದಬಹುದು, ಹುಡುಕಬಹುದು. ಡೇಟಾ ಖರ್ಚಿನ ಮಾತು ಅಲ್ಲಿಗೆ ಮುಗಿಯಿತು.

ಹುಡುಕಬಹುದು ಎಂದೆನಲ್ಲ, ನನ್ನ ಪಾಠ ತಿರುವು ಪಡೆದದ್ದು ಅಲ್ಲಿಯೇ. ಎರಡನೇ ಅಂಕದ ಎರಡನೇ ದೃಶ್ಯ. ದೊರೆ ಡಂಕನ್‌ನನ್ನು ಕೊಂದು ಬಂದ ಮ್ಯಾಕ್‌ಬೆತ್, ತನಗೊಂದು ಕೂಗು ಕೇಳಿಸಿತು ಎನ್ನುತ್ತಾನೆ: 'ಸ್ಲೀಪ್ ನೋ ಮೋರ್, ಮ್ಯಾಕ್‌ಬೆತ್ ಡಸ್ ಮರ್ಡರ್ ಸ್ಲೀಪ್'. ಇದನ್ನು ಓದಿ ನಿಲ್ಲಿಸಿ ಒಂದು ಕೆಲಸ ಕೊಟ್ಟೆ. ನಿಮ್ಮ ಮೊಬೈಲಿನಲ್ಲಿರುವ ಕಡತ ತೆರೆಯಿರಿ, 'ಸ್ಲೀಪ್' ಎಂದು ಹುಡುಕಿ, ನಾಟಕದ ಮೊದಲಿನಿಂದ ಕೊನೆಯವರೆಗೆ ಅದು ಎಲ್ಲೆಲ್ಲಿ ಬರುತ್ತದೆ, ಯಾರ ಬಾಯಲ್ಲಿ ಬರುತ್ತದೆ, ಸಾಲಿನ ಸಂಖ್ಯೆ ಸಮೇತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅರ್ಥ ಈಗಲೇ ಬೇಡ.

ಮೊದಲು ಸಿಕ್ಕ ಸಾಲು ಮಕ್ಕಳಿಗೆ ಅಚ್ಚರಿ ತಂದಿತು, ಏಕೆಂದರೆ ಅದು ಯಾವ ಗೈಡಿನಲ್ಲೂ ಇರಲಿಲ್ಲ. ಮೊದಲ ಅಂಕದ ಮೂರನೇ ದೃಶ್ಯದಲ್ಲಿ ಮಾಟಗಾತಿಯೊಬ್ಬಳು ಒಂದು ಸಣ್ಣ ಸಂಗತಿ ಹೇಳುತ್ತಾಳೆ. ನಾವಿಕನ ಹೆಂಡತಿ ಮಡಿಲು ತುಂಬ ಚೆಸ್ಟ್‌ನಟ್ ಇಟ್ಟುಕೊಂಡು ಮೆಲ್ಲುತ್ತಿದ್ದಳು, ಕೇಳಿದರೆ ಕೊಡಲಿಲ್ಲ, ತೊಲಗು ಎಂದಳು. ಅದಕ್ಕೆ ಸೇಡಾಗಿ ಅವಳ ಗಂಡನಿಗೆ ಹಗಲೂ ರಾತ್ರಿ ನಿದ್ದೆ ಬರದಂತೆ ಮಾಡುತ್ತೇನೆ ಎಂದು ಆಕೆ ಶಪಥ ಮಾಡುತ್ತಾಳೆ. ಮ್ಯಾಕ್‌ಬೆತ್ ಇನ್ನೂ ರಂಗಕ್ಕೇ ಬಂದಿಲ್ಲ. ಯಾರೋ ನಾವಿಕನಿಗೆ ಇಟ್ಟ ಶಾಪ ಮುಂದೆ ಅಕ್ಷರಶಃ ಮ್ಯಾಕ್‌ಬೆತ್‌ನ ಪಾಲಿಗೆ ಬರುತ್ತದೆ. ಅಲ್ಲಿಂದ ಮುಂದೆ ಪಟ್ಟಿ ಬೆಳೆಯುತ್ತಾ ಹೋಯಿತು. ಸತ್ತ ಡಂಕನ್ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾನೆ ಎಂದು ಕೊಂದವನೇ ಅಸೂಯೆಪಡುವ ಮಾತು ಮೂರನೇ ಅಂಕದಲ್ಲಿ. ಔತಣದ ಗಲಾಟೆ ಮುಗಿದಮೇಲೆ, ನಿನಗೆ ಬೇಕಾದದ್ದು ನಿದ್ದೆ ಎಂದು ಹೆಂಡತಿ ಹೇಳುವ ಮಾತು. ಕೊನೆಯ ಅಂಕದಲ್ಲಿ ಅದೇ ಹೆಂಡತಿ ನಿದ್ದೆಯಲ್ಲೇ ಎದ್ದು ನಡೆಯುತ್ತಾ ಕೈ ತೊಳೆಯುವ ದೃಶ್ಯ.

ಹಿರಿಯೂರು ಕಡೆಯ ಒಬ್ಬ ಹುಡುಗ ಮೂರನೇ ಅಂಕದ ಆರನೇ ದೃಶ್ಯದ ಸಾಲೊಂದಕ್ಕೆ ಗೆರೆ ಎಳೆದುಕೊಂಡು ಬಂದಿದ್ದ. ಹೆಸರೂ ಇಲ್ಲದ ಒಬ್ಬ ಸರದಾರ ಅಲ್ಲಿ ಮಾತಾಡುತ್ತಾನೆ: ನಮ್ಮ ಊಟದ ಮೇಜಿಗೆ ಮತ್ತೆ ಅನ್ನ ಬರಲಿ, ನಮ್ಮ ರಾತ್ರಿಗಳಿಗೆ ನಿದ್ದೆ ಬರಲಿ ಎಂದು. 'ಮೇಡಂ, ನಿದ್ದೆ ಹೋಗಿರೋದು ಅವನೊಬ್ಬನಿಗಲ್ಲ, ಇಡೀ ರಾಜ್ಯಕ್ಕೇ ಹೋಗಿದೆ' ಅಂದ. ಈ ದೃಶ್ಯವನ್ನು ನಾನು ಸಾಮಾನ್ಯವಾಗಿ ಬೇಗ ಬೇಗ ದಾಟಿಸುತ್ತಿದ್ದೆ. ಆ ದಿನ ಉಳಿದ ಅವಧಿಯೆಲ್ಲ ಅದಕ್ಕೇ ಹೋಯಿತು, ಹೋಗಬೇಕಾದದ್ದೇ.

ಯಂತ್ರ ಪದವನ್ನು ಹುಡುಕುತ್ತದೆ, ವಿಷಯವನ್ನಲ್ಲ. ಇದನ್ನೂ ಮಕ್ಕಳಿಗೆ ತೋರಿಸಲೇಬೇಕು. ಐದನೇ ಅಂಕದಲ್ಲಿ ವೈದ್ಯ, ರಾಣಿಗೆ ಏನೇನೋ ಕಲ್ಪನೆಗಳು ಮುತ್ತಿಕೊಂಡು ವಿಶ್ರಾಂತಿಯೇ ಇಲ್ಲ ಎನ್ನುತ್ತಾನೆ. ಅಲ್ಲಿರುವ ಪದ 'ರೆಸ್ಟ್', ಹಾಗಾಗಿ ನಮ್ಮ ಹುಡುಕಾಟಕ್ಕೆ ಅದು ಸಿಗಲೇ ಇಲ್ಲ. ಪಟ್ಟಿ ಮುಗಿದಮೇಲೆ ಪುಟ ತಿರುವಿ ಓದಿ ಇಂಥವನ್ನು ಕೈಯಾರೆ ಸೇರಿಸಿ ಎಂದೆ. ಓದಿದವರಿಗಷ್ಟೇ ಅವು ಸಿಕ್ಕವು.

ಕಂಪ್ಯೂಟರ್ ಲ್ಯಾಬ್ ಸಿಕ್ಕ ದಿನ ವಾಯಂಟ್ ಟೂಲ್ಸ್ ಎಂಬ ಉಚಿತ ಸಾಧನವನ್ನೂ ಬಳಸಿದೆವು. ಪಠ್ಯ ಹಾಕಿದರೆ ಯಾವ ಪದ ಎಷ್ಟು ಸಲ ಬಂದಿದೆ, ನಾಟಕದ ಯಾವ ಭಾಗದಲ್ಲಿ ಹೆಚ್ಚು ಎಂಬುದನ್ನು ಗೆರೆ ಎಳೆದು ತೋರಿಸುತ್ತದೆ. ಬಳಸಬೇಕೆನ್ನುವವರಿಗೆ ಒಂದು ಮಾತು: ಕಡತವನ್ನು ಹಾಗೆಯೇ ಹಾಕಬೇಡಿ. ಪ್ರತಿ ಮಾತಿಗೂ ಮುಂದೆ ಪಾತ್ರದ ಹೆಸರು ಇರುವುದರಿಂದ 'ಮ್ಯಾಕ್‌ಬೆತ್' ಎಂಬುದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಗುಟೆನ್‌ಬರ್ಗ್ ಕಡತವಾದರೆ ಕೊನೆಯಲ್ಲಿರುವ ಪರವಾನಗಿಯ ಪದಗಳೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಅವನ್ನೆಲ್ಲ ಅಳಿಸಿ ಹಾಕಬೇಕು. ಕೇಳಿಸಲು ಲಿಬ್ರಿವಾಕ್ಸ್ ಇದೆ. ಸ್ವಯಂಸೇವಕರು ಓದಿ ಧ್ವನಿಮುದ್ರಿಸಿದ ಹಳೆಯ ಕೃತಿಗಳು ಅಲ್ಲಿ ಉಚಿತ. ಕೊಲೆ ನಡೆದ ತಕ್ಷಣ ಬಾಗಿಲು ಬಡಿಯುವ ಸದ್ದು ಬರುವ ದೃಶ್ಯವನ್ನು ಸ್ಪೀಕರಿನಲ್ಲಿ ಕೇಳಿಸಿದ ಮೇಲೆ ಮಕ್ಕಳೇ ಪಾತ್ರ ಹಂಚಿಕೊಂಡು ಜೋರಾಗಿ ಓದಲು ಶುರು ಮಾಡಿದರು. ಉಚ್ಚಾರಣೆಯ ಅಂಜಿಕೆ ಅರ್ಧ ಕಡಿಮೆಯಾಯಿತು.

ಈಗಿನ ಮಕ್ಕಳು ಚಾಟ್‌ಬಾಟ್ ಕೇಳಿಯೇ ಉತ್ತರ ಬರೆಯುತ್ತಾರೆ. ಬೇಡ ಎಂದರೆ ಬಿಡುವವರಲ್ಲ. ಹಾಗಾಗಿ ಅದನ್ನೇ ಅಭ್ಯಾಸವಾಗಿ ಕೊಟ್ಟೆ. ಉತ್ತರ ತನ್ನಿ, ಆದರೆ ಅದರಲ್ಲಿರುವ ಪ್ರತಿ ಉದ್ಧರಣೆಯ ಎದುರೂ ಫೋಲ್ಜರ್ ಪಠ್ಯದ ಅಂಕ, ದೃಶ್ಯ, ಸಾಲು ಬರೆಯಿರಿ, ಸಿಗದಿದ್ದರೆ ಹೊಡೆದುಹಾಕಿ. ಒಬ್ಬಳಿಗೆ ಸಿಕ್ಕ ಉತ್ತರದಲ್ಲಿ ಲೇಡಿ ಮ್ಯಾಕ್‌ಬೆತ್ ಆಡಿದ್ದಾಳೆಂದು ಕೊಟ್ಟಿದ್ದ ಮಾತು ಇಡೀ ನಾಟಕದಲ್ಲೇ ಇರಲಿಲ್ಲ. ಅದನ್ನು ಕಂಡುಹಿಡಿದ ಖುಷಿಯಲ್ಲಿ ಆಕೆ ಮುಂದಿನ ಪ್ರಬಂಧವನ್ನು ಯಾರ ನೆರವೂ ಇಲ್ಲದೆ ಬರೆದು ತಂದಳು.

ನನಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟದ್ದು ಗೂಗಲ್ ಡಾಕ್ಸ್. ಎರಡನೇ, ಮೂರನೇ ಅಂಕದ ಕೆಲವು ಭಾಗಗಳನ್ನು ಅಲ್ಲಿ ಹಾಕಿ, ಸಾಲಿನ ಪಕ್ಕದಲ್ಲಿ ನಿಮ್ಮ ಪ್ರಶ್ನೆ ಬರೆಯಿರಿ, ಕನ್ನಡದಲ್ಲೇ ಬರೆಯಿರಿ ಎಂದೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡವೇ ಎಂದು ಕೇಳಿದ ಸಹೋದ್ಯೋಗಿಗಳಿದ್ದಾರೆ. ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು, ನಿಜ. ಆದರೆ ಯೋಚನೆಯೇ ಹುಟ್ಟದಿದ್ದರೆ ಬರೆಯುವುದೇನನ್ನು? ಕನ್ನಡಕ್ಕೆ ಅವಕಾಶ ಕೊಟ್ಟ ಮೇಲೆ 'ಈ ಪದದ ಅರ್ಥವೇನು' ಎಂಬ ಪ್ರಶ್ನೆಗಳು ಕಡಿಮೆಯಾಗಿ, 'ಇವನು ಹೀಗೇಕೆ ಮಾಡಿದ' ಎಂಬವು ಬರತೊಡಗಿದವು.

ಮೊಳಕಾಲ್ಮೂರು ಕಡೆಯ ಒಬ್ಬಳು ಹುಡುಗಿ, ತರಗತಿಯಲ್ಲಿ ಬಾಯಿಯೇ ಬಿಡದವಳು, ಮ್ಯಾಕ್‌ಬೆತ್‌ನ ಜೊತೆಗಾರ ಸೇನಾಪತಿ ಬ್ಯಾಂಕೋ ಬರುವ ಎರಡನೇ ಅಂಕದ ಮೊದಲ ದೃಶ್ಯದ ಪಕ್ಕ ಹೀಗೆ ಬರೆದಿದ್ದಳು: 'ಬ್ಯಾಂಕೋ ಕೂಡ ಕಣ್ಣು ಎಳೀತಿದ್ರೂ ಮಲಗಲ್ಲ ಅಂತಾನೆ. ಕೆಟ್ಟ ಯೋಚನೆ ಅವನಿಗೂ ಬರ್ತಿದೆ. ಮ್ಯಾಕ್‌ಬೆತ್ ಬಿಟ್ರೆ ಮಾಟಗಾತಿಯರ ಮಾತು ಕೇಳಿದವನು ಅವನೊಬ್ಬನೇ. ಕೊಲೆ ಆದಮೇಲೆ ಮ್ಯಾಕ್‌ಬೆತ್ ಮೇಲೆ ಅನುಮಾನ ಇದ್ರೂ ಯಾಕೆ ಯಾರಿಗೂ ಹೇಳಲಿಲ್ಲ?' ನಿದ್ದೆಯ ಪಟ್ಟಿಯಿಂದಲೇ ಎದ್ದ ಪ್ರಶ್ನೆ ಇದು. ಕೆಳಗೆ ಇನ್ನೊಬ್ಬ ಬರೆದ: 'ದಳವಾಯಿ ಮುದ್ದಣ್ಣ ಸಂಚು ಮಾಡಿದಾಗ ಗೊತ್ತಿದ್ದೂ ಸುಮ್ಮನಿದ್ದವರು ಇರಲಿಲ್ವಾ?' ದುರ್ಗದ ಮಕ್ಕಳಿಗೆ ಅರಮನೆಯ ಒಳಸಂಚು ಹೇಳಿಕೊಡಬೇಕಾಗಿಲ್ಲ. ತ.ರಾ.ಸು. ಕಾದಂಬರಿಗಳಿಂದಲೋ ಮನೆಯ ಹಿರಿಯರ ಬಾಯಿಂದಲೋ, ಪಾಳೆಯಗಾರರ ಕಾಲದ ಈ ಸೇನಾಪತಿ ಮುದ್ದಣ್ಣನ ಕತೆ ಅವರಿಗೆ ಗೊತ್ತೇ ಇರುತ್ತದೆ.

ಈ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ. ಷೇಕ್ಸ್‌ಪಿಯರ್ ಕತೆ ಎತ್ತಿಕೊಂಡದ್ದು ಹೋಲಿನ್‌ಶೆಡ್‌ನ ಇತಿಹಾಸ ಗ್ರಂಥದಿಂದ. ಅದರ 1577 ಮತ್ತು 1587ರ ಎರಡೂ ಆವೃತ್ತಿಗಳನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಜಾಲದಲ್ಲಿ ಹಾಕಿದ್ದಾರೆ. ಮೊದಲೆಲ್ಲ ಇಂಥದ್ದನ್ನು ನೋಡಲು ದೊಡ್ಡ ಗ್ರಂಥಾಲಯವಿರುವ ಊರಿಗೇ ಹೋಗಬೇಕಿತ್ತು. ಡಂಕನ್ ಕೊಲೆಯ ಭಾಗವನ್ನು ಮಾತ್ರ ಪ್ರಿಂಟ್ ತೆಗೆದು ಕೊಟ್ಟೆ. ಕಾಗುಣಿತ ಹಳೆಯದು, ತಿಣುಕಾಡಿಕೊಂಡೇ ಓದಿದರು. ಅಲ್ಲಿ ಮ್ಯಾಕ್‌ಬೆತ್ ತನ್ನ ಸಂಚನ್ನು ನಂಬಿಕಸ್ಥ ಗೆಳೆಯರಿಗೆ ಹೇಳುತ್ತಾನೆ, ಅವರಲ್ಲಿ ಮುಖ್ಯನೇ ಬ್ಯಾಂಕೋ. ಅಂದರೆ ಮೂಲದಲ್ಲಿ ಬ್ಯಾಂಕೋ ಕೊಲೆಯ ಪಾಲುದಾರ!

ತರಗತಿ ಗದ್ದಲವೆದ್ದಿತು. ಹಾಗಾದರೆ ನಾಟಕದಲ್ಲಿ ಬದಲಾಯಿಸಿದ್ದೇಕೆ? ಆಗ ಇತಿಹಾಸದ ಒಂದೇ ಸಂಗತಿ ಸೇರಿಸಿದೆ: 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ ಜೇಮ್ಸ್ ದೊರೆ ತನ್ನ ವಂಶ ಬ್ಯಾಂಕೋನಿಂದ ಬಂದದ್ದೆಂದು ಹೇಳಿಕೊಳ್ಳುತ್ತಿದ್ದ, ಷೇಕ್ಸ್‌ಪಿಯರನ ನಾಟಕ ಮಂಡಳಿ ಅದೇ ದೊರೆಯ ಆಶ್ರಯದಲ್ಲಿತ್ತು. ಉಳಿದದ್ದನ್ನು ಅವರೇ ಕಟ್ಟಿಕೊಂಡರು. ದೊರೆಯ ಪೂರ್ವಜನನ್ನು ಕೊಲೆಗಾರ ಮಾಡುವಂತಿಲ್ಲ, ಪೂರ್ತಿ ಒಳ್ಳೆಯವನನ್ನಾಗಿ ಮಾಡಿದರೆ ನಾಟಕ ಸಪ್ಪೆ, ಅದಕ್ಕೇ ನಿದ್ದೆಗೆಡಿಸಿ ಬಾಯಿ ಮುಚ್ಚಿಸಿದ ಎಂದು ಒಂದು ಗುಂಪು. ಮಾಟಗಾತಿಯರು ಹೇಳಿದಂತೆ ತನ್ನ ಮಕ್ಕಳು ದೊರೆಗಳಾಗುತ್ತಾರೆಂಬ ಆಸೆ ಬ್ಯಾಂಕೋನಿಗೂ ಇತ್ತಲ್ಲ, ಮೌನಕ್ಕೆ ಅದೇ ಕಾರಣ, ಜೇಮ್ಸ್ ಬೇಕಾಗಿಯೇ ಇಲ್ಲ ಎಂದು ಆ ಮೊಳಕಾಲ್ಮೂರು ಹುಡುಗಿ. ಮೂರನೇ ಅಂಕದ ಮೊದಲ ಮಾತನ್ನೇ ಓದಿ ತೋರಿಸಿದಳು, ಸಾಲಿನ ಸಂಖ್ಯೆ ಹೇಳಿ.

ಮುಂದಿನ ತಂಡಕ್ಕೂ ಫೋಲ್ಜರ್ ಕಡತ ಮೊದಲ ದಿನವೇ ಕೊಡುತ್ತೇನೆ, ನಿದ್ದೆಯ ಪಟ್ಟಿಯನ್ನೂ ಮಾಡಿಸುತ್ತೇನೆ. ಹೋಲಿನ್‌ಶೆಡ್‌ನ ಆ ಪುಟಗಳನ್ನು ಮಾತ್ರ ಮುಂಚೆಯೇ ಹಂಚುವುದಿಲ್ಲ. ಯಾರಾದರೂ ಬ್ಯಾಂಕೋ ಬಗ್ಗೆ ಕೇಳಿದ ದಿನ ಕೊಡುತ್ತೇನೆ.