ರಕ್ತದಲ್ಲಿರುವಷ್ಟೇ ಪ್ರಮಾಣದಲ್ಲಿ ಪಾಲಿಫೀನಾಲ್ ಮೆಟಬೊಲೈಟ್‌ಗಳ ಪ್ರಯೋಗ: ನನ್ನ ಅನುಭವ

ರಕ್ತನಾಳದ ಒಳಪದರದ ಜೀವಕೋಶಗಳ ಮೇಲೆ ಶುದ್ಧ ಕ್ವೆರ್ಸಿಟಿನ್ನನ್ನು (ಈರುಳ್ಳಿ, ಸೇಬುಗಳಂತಹ ಸಸ್ಯಾಹಾರದಲ್ಲಿರುವ ಒಂದು ಪಾಲಿಫೀನಾಲ್) 50 ಮೈಕ್ರೊಮೋಲಾರ್ ಪ್ರಮಾಣದಲ್ಲಿ ಸುರಿದು, ಉರಿಯೂತ ತಗ್ಗಿತೆಂದು ಬರೆಯುವುದು ನಮ್ಮ ಕ್ಷೇತ್ರದ ಹಳೆಯ ರೂಢಿ. ಆ ಪ್ರಮಾಣದಲ್ಲಿ, ಆ ರೂಪದಲ್ಲಿ, ಅದು ಯಾವ ಮನುಷ್ಯನ ರಕ್ತದಲ್ಲಿಯೂ ಹರಿಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೇ. ರಕ್ತನಾಳವನ್ನು ನಿಜವಾಗಿ ಮುಟ್ಟುವುದು ಪಾಲಿಫೀನಾಲ್ ದೇಹದಲ್ಲಿ ಬದಲಾಗಿ ಉಂಟಾಗುವ ಮೆಟಬೊಲೈಟ್‌ಗಳು: ದೊಡ್ಡ ಕರುಳಿನ ಬ್ಯಾಕ್ಟೀರಿಯಗಳು ಒಡೆದುಕೊಟ್ಟ ವ್ಯಾಲೆರೊಲ್ಯಾಕ್ಟೋನ್‌ಗಳು, ಯುರೊಲಿಥಿನ್‌ಗಳು ಮತ್ತು ಸಣ್ಣ ಫೀನಾಲಿಕ್ ಆಮ್ಲಗಳು, ಅವೂ ಬಹುಪಾಲು ಸಲ್ಫೇಟ್ ಅಥವಾ ಗ್ಲುಕುರೊನೈಡ್ ರೂಪದಲ್ಲಿ, ಅಂದರೆ ದೇಹವು ಗಂಧಕದ ಅಥವಾ ಸಕ್ಕರೆಯಂತಹ ಆಮ್ಲದ ತುಣುಕನ್ನು ಅಂಟಿಸಿದ ರೂಪದಲ್ಲಿ. ಅವುಗಳನ್ನು ರಕ್ತದಲ್ಲಿ ಸಿಗುವಷ್ಟೇ ಪ್ರಮಾಣದಲ್ಲಿ ಪರೀಕ್ಷಿಸುತ್ತೇನೆಂದು ನಾನು ಯೋಜನೆ ಮುಂದಿಟ್ಟಾಗ, ಒಂದು ಮೈಕ್ರೊಮೋಲಾರ್‌ಗಿಂತ ಕೆಳಗೆ ನಿನಗೆ ಯಾವ ಪರಿಣಾಮವೂ ಕಾಣಿಸದೆಂದು ಹಿರಿಯರು ನೇರವಾಗಿಯೇ ಹೇಳಿದ್ದರು. ಕೊನೆಗೂ ಪರಿಣಾಮ ಕಂಡಿದೆ. ಮೂರು ಬೇರೆ ಬೇರೆ ದಾನಿಗಳ ಜೀವಕೋಶಗಳಲ್ಲಿ ಕಂಡಿದೆ. ಆದ್ದರಿಂದ ಈ ಬರಹ.

ಮೊದಲು ಹೈಡ್ರೋಜನ್ ಪೆರಾಕ್ಸೈಡನ್ನು ಒಡೆಯುವ ಕಿಣ್ವವಾದ ಕೆಟಲೇಸ್‌ನ ವಿಷಯ, ಏಕೆಂದರೆ ಹೆಚ್ಚು ಕಾಲ ಹಾಳಾದುದು ಅಲ್ಲಿಯೇ. ಕ್ಯಾಟೆಕಾಲ್ ರಚನೆಯುಳ್ಳ (ಉಂಗುರದ ಮೇಲೆ ಅಕ್ಕಪಕ್ಕದಲ್ಲಿ ಎರಡು ಹೈಡ್ರಾಕ್ಸಿಲ್ ಗುಂಪುಗಳಿರುವ) ಯಾವುದೇ ವಸ್ತುವನ್ನು ಸಾಮಾನ್ಯ ಕೃಷಿಮಾಧ್ಯಮಕ್ಕೆ ಹಾಕಿದರೆ ಅದು ತಾನಾಗಿಯೇ ಉತ್ಕರ್ಷಣಗೊಂಡು ಹೈಡ್ರೋಜನ್ ಪೆರಾಕ್ಸೈಡನ್ನು ಉಂಟುಮಾಡುತ್ತದೆ, ಮತ್ತು ಜೀವಕೋಶಗಳು ಅದಕ್ಕೆ ಪ್ರತಿಕ್ರಿಯೆಯಾಗಿ ತಮ್ಮ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತವೆ. ಅದನ್ನು ನೋಡಿ ಮೆಟಬೊಲೈಟ್ ಕಾಪಾಡಿತೆಂದು ಹಿಗ್ಗುವುದು ಸುಲಭ. ಇಂತಹ ರಚನೆಯ ಸಣ್ಣ ಫೀನಾಲಿಕ್ ಆಮ್ಲವಾದ ಪ್ರೋಟೊಕ್ಯಾಟೆಚುಯಿಕ್ ಆಮ್ಲದೊಂದಿಗೆ ನಾವು ಪಡೆದ ಅತ್ಯಂತ ಅಂದವಾದ ಫಲಿತಾಂಶಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಮಾಧ್ಯಮಕ್ಕೆ ಕೆಟಲೇಸ್ ಸೇರಿಸಿದ ವಾರವೇ ಕರಗಿಹೋದವು. ಕ್ಯಾಟೆಕಾಲ್‌ನ ಒಂದು ತುದಿ ಮುಚ್ಚಿಕೊಂಡಿರುವ ಸಲ್ಫೇಟ್ ರೂಪಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಅವುಗಳ ಪರಿಣಾಮ ಸಣ್ಣದಾದರೂ ಕೆಟಲೇಸ್ ಹಾಕಿದ ಮೇಲೆಯೂ ಉಳಿಯಿತು. ನನ್ನ ನಂಬಿಕೆ ಗಟ್ಟಿಯಾದುದು ಆಗಲೇ.

ಹಣದ ಮಾತಿಗೆ ಬಂದರೆ, ಯುರೊಲಿಥಿನ್-ಎ ಬರಿಯ ರೂಪದಲ್ಲಿ ಸುಲಭವಾಗಿ ದೊರೆಯುತ್ತದೆ, ಆದರೆ ವ್ಯಾಲೆರೊಲ್ಯಾಕ್ಟೋನ್‌ನ ಸಲ್ಫೇಟ್ ಮತ್ತು ಗ್ಲುಕುರೊನೈಡ್‌ಗಳನ್ನು ಕೇಳಿ ಮಾಡಿಸಬೇಕಾಯಿತು. ಒಟ್ಟು ಅನುದಾನದ ಮೂರನೆಯ ಒಂದು ಭಾಗ, ಬಹುಶಃ ಅದಕ್ಕಿಂತ ಸ್ವಲ್ಪ ಹೆಚ್ಚೇ, ಕೆಲವೇ ಮಿಲಿಗ್ರಾಂ ಪುಡಿಗೆ ಹೋಯಿತು. ಬಂದ ಮೊದಲ ಸೀಸೆಯನ್ನು ದ್ರವ್ಯರಾಶಿ ಮಾಪಕದಲ್ಲಿ (ಅಣುಗಳನ್ನೂ ಅವುಗಳ ತುಣುಕುಗಳನ್ನೂ ದ್ರವ್ಯರಾಶಿಯಿಂದ ಗುರುತಿಸುವ ಯಂತ್ರ) ಹಾಯಿಸಿದಾಗ 287ರಿಂದ 207ಕ್ಕೆ ಇಳಿಯುವ ಸಲ್ಫೇಟ್‌ನ ಗುರುತಿನ ಜೊತೆಗೆ, ಬೇರೆಯದೇ ಸಮಯದಲ್ಲಿ 207ರಿಂದ 163ಕ್ಕೆ ಇಳಿಯುವ ಬರಿಯ ವ್ಯಾಲೆರೊಲ್ಯಾಕ್ಟೋನ್‌ನ ಶಿಖರವೂ ಎದ್ದು ಕಾಣುತ್ತಿತ್ತು. ದಾರಿಯಲ್ಲೆಲ್ಲೋ ಐದನೆಯ ಒಂದು ಪಾಲು ಒಡೆದುಹೋಗಿತ್ತು. ಪೂರೈಸಿದವರು ಬದಲಿ ಕೊಡಲಿಲ್ಲ. ಅಂದಿನಿಂದ ಪ್ರತಿಯೊಂದು ಸೀಸೆಯನ್ನೂ ತೆರೆದ ದಿನವೇ ಅಳೆದು, ಒಮ್ಮೆಗೆ ಬೇಕಾಗುವಷ್ಟೇ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇವೆ. ಇನ್ನೊಂದು ಮಾತು: ಬಸವನಹುಳುವಿನ ಕಿಣ್ವದಿಂದ ಎಲ್ಲವನ್ನೂ ಬಿಡಿಸಿ ಅಳೆಯುವ ಅಗ್ಗದ ದಾರಿಯನ್ನು ಹಿಡಿಯಬೇಡಿ. ಅದು ಸಲ್ಫೇಟ್‌ಗಳನ್ನು ಪೂರ್ತಿಯಾಗಿ ಬಿಡಿಸುವುದಿಲ್ಲ, ಲೆಕ್ಕ ಯಾವಾಗಲೂ ಕಡಿಮೆ ಬರುತ್ತದೆ.

ಪ್ರಯೋಗದ ವಿನ್ಯಾಸದಲ್ಲಿ ಎರಡು ಬದಲಾವಣೆಗಳು ಇಡೀ ಚಿತ್ರವನ್ನೇ ತಿರುಗಿಸಿದವು. ಎಲ್ಲರೂ ಬಳಸುವ ಹಾಗೆ ಉರಿಯೂತ ಹುಟ್ಟಿಸುವ ಪ್ರೋಟೀನಾದ ಟಿಎನ್‌ಎಫ್-ಆಲ್ಫಾವನ್ನು ಮಿಲಿಲೀಟರಿಗೆ 10 ನ್ಯಾನೊಗ್ರಾಂ ಹಾಕಿದರೆ ವಿಕ್ಯಾಮ್-1 (ಬಿಳಿ ರಕ್ತಕಣಗಳನ್ನು ಹಿಡಿದುಕೊಳ್ಳುವ, ಜೀವಕೋಶದ ಮೇಲ್ಮೈಯ ಪ್ರೋಟೀನ್) ತನ್ನ ಮೇಲ್ಮಿತಿಯನ್ನು ಮುಟ್ಟಿಬಿಡುತ್ತದೆ, ಆ ಅಬ್ಬರದಲ್ಲಿ ನ್ಯಾನೊಮೋಲಾರ್ (ಮೈಕ್ರೊಮೋಲಾರ್‌ನ ಸಾವಿರದ ಒಂದು ಭಾಗ) ಮಟ್ಟದ ವಸ್ತುವಿನ ಸಣ್ಣ ದನಿ ಕೇಳಿಸುವುದೇ ಇಲ್ಲ. ಟಿಎನ್‌ಎಫ್-ಆಲ್ಫಾವನ್ನು ಹತ್ತನೆಯ ಒಂದು ಭಾಗಕ್ಕೂ ಕೆಳಗೆ ಇಳಿಸಿದೆವು. ಎರಡನೆಯದಾಗಿ, ನಿಶ್ಚಲ ತಟ್ಟೆಯನ್ನು ಕೈಬಿಟ್ಟು, ಜೀವಕೋಶಗಳನ್ನು ಚದರ ಸೆಂಟಿಮೀಟರಿಗೆ 10ರಿಂದ 15 ಡೈನ್ ಒತ್ತುವ ಹರಿವಿನಲ್ಲಿ ಬೆಳೆಸಿ, ಮೆಟಬೊಲೈಟ್‌ಗಳ ಮಿಶ್ರಣವನ್ನು ಸುಮಾರು ಒಂದು ಇಡೀ ದಿನ ಮೊದಲೇ ಕೊಡತೊಡಗಿದೆವು. ಒಂದೊಂದೇ ವಸ್ತುವನ್ನು ಕೊಟ್ಟಾಗ ಅಳತೆಯ ದೋಷದಿಂದ ಬೇರ್ಪಡಿಸಲಾಗದಷ್ಟು ಸಣ್ಣ ವ್ಯತ್ಯಾಸ ಸಿಕ್ಕಿತು. ಮಿಶ್ರಣ ಕೊಟ್ಟಾಗ ಅಂಟಿಕೊಳ್ಳುವ ಟಿಎಚ್‌ಪಿ-1 ಕೋಶಗಳ (ಬಿಳಿ ರಕ್ತಕಣದ ಜಾತಿಯವು) ಸಂಖ್ಯೆ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಮಿಶ್ರಣದ ಅನುಪಾತವನ್ನೂ ಎಷ್ಟು ಗಂಟೆಗೊಮ್ಮೆ ಅದನ್ನು ಮರುಪೂರಣ ಮಾಡಬೇಕೆಂಬುದನ್ನೂ ಇಲ್ಲಿ ಬರೆಯುವುದಿಲ್ಲ, ಪ್ರಬಂಧ ಅಚ್ಚಾಗಲಿ. ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಅನಿಲದ ತಯಾರಿಕೆಯನ್ನು ತಡೆಯುವ ಎಲ್-ನೇಮ್ ಹಾಕಿದರೂ ಪರಿಣಾಮದ ದೊಡ್ಡ ಪಾಲು ಉಳಿಯಿತೆಂಬುದನ್ನು ಮಾತ್ರ ಹೇಳಬಲ್ಲೆ. ಎಲ್ಲವನ್ನೂ ಆ ಒಂದೇ ಅನಿಲದ ಖಾತೆಗೆ ಬರೆಯುವ ಅಭ್ಯಾಸ ಇನ್ನಾದರೂ ನಿಲ್ಲಬೇಕು.

ನಡುವೆ ದಾರಿ ತಪ್ಪಿಸಿದ, ಆದರೆ ಬಿಡಲಾಗದ ಪ್ರಯೋಗವೊಂದಿದೆ. ದಾಳಿಂಬೆಯ ಸಾರ ಕುಡಿದ ಸ್ವಯಂಸೇವಕರ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ), ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಯುರೊಲಿಥಿನ್‌ಗಳು ಏರಿರುವ 24ರಿಂದ 48 ಗಂಟೆಗಳ ಅವಧಿಯಲ್ಲಿ ತೆಗೆದುಕೊಂಡು ನೇರವಾಗಿ ಜೀವಕೋಶಗಳಿಗೆ ಕೊಟ್ಟೆವು. ಎಷ್ಟು ಕುಡಿದರೂ ಯುರೊಲಿಥಿನ್ ತಯಾರಿಸದವರು ಪ್ರತಿ ಗುಂಪಿನಲ್ಲಿಯೂ ಕೆಲವರಿರುತ್ತಾರೆ. ಅವರ ಸೀರಮ್ ನಮಗೆ ಹುಡುಕಿದರೂ ಸಿಗದಂತಹ ಹೋಲಿಕೆಯ ಮಾದರಿಯಾಯಿತು. ಅಲ್ಲಿಂದ ಮನಸ್ಸು ಬ್ಯಾಕ್ಟೀರಿಯಗಳತ್ತ ಹೊರಳಿತು. ಗೋರ್ಡೊನಿಬ್ಯಾಕ್ಟರ್ ಎಂಬ ಕರುಳಿನ ಬ್ಯಾಕ್ಟೀರಿಯ ಒಂದೇ ಇದ್ದರೆ ದಾಳಿಂಬೆಯಿಂದ ದೊರೆಯುವ ಎಲ್ಲಾಜಿಕ್ ಆಮ್ಲದಿಂದ ಯುರೊಲಿಥಿನ್-ಸಿವರೆಗೆ ಬಂದು ನಿಲ್ಲುತ್ತದೆ. ಎ ರೂಪ ಬೇಕಾದರೆ ಎಂಟರೊಕ್ಲಾಸ್ಟರ್ ಬೋಲ್ಟಿಯೆ ಎಂಬ ಇನ್ನೊಂದು ಬ್ಯಾಕ್ಟೀರಿಯ ಜೊತೆಗಿರಬೇಕು. ಎರಡನ್ನೂ ಆಮ್ಲಜನಕವಿಲ್ಲದ ಪೆಟ್ಟಿಗೆಯಲ್ಲಿ ಒಟ್ಟಿಗೆ ಬೆಳೆಸಿ, ನಮ್ಮ ವಿಭಾಗದಲ್ಲಿ ಯಾರಿಗೂ ಆಗದಿದ್ದುದನ್ನು ನನ್ನ ವಿದ್ಯಾರ್ಥಿನಿ ಎರಡನೆಯ ಯತ್ನದಲ್ಲಿಯೇ ಸಾಧಿಸಿದಳು. ಗ್ಲುಕುರೊನೈಡನ್ನು ಬಿಡಿಸುವ ಕಿಣ್ವವನ್ನು ಸ್ಯಾಕರೊಲ್ಯಾಕ್ಟೋನ್‌ನಿಂದ ತಡೆದಾಗ ಯುರೊಲಿಥಿನ್ ಗ್ಲುಕುರೊನೈಡ್‌ನ ಪರಿಣಾಮವಷ್ಟೇ ಕುಗ್ಗಿ, ಸಲ್ಫೇಟ್‌ಗಳದು ಹಾಗೆಯೇ ಉಳಿದುದನ್ನೂ ಆಕೆಯೇ ಗಮನಿಸಿದ್ದು. ಉರಿಯೂತದ ಜಾಗದಲ್ಲಿಯೇ ಗ್ಲುಕುರೊನೈಡ್ ಎಂಬ ಮುಚ್ಚಳ ಕಳಚುತ್ತದೆಂಬ ಊಹೆಗೆ ಇದು ಹೊಂದುತ್ತದೆ, ಆದರೆ ಇನ್ನೂ ಮರುಪರೀಕ್ಷೆ ಬಾಕಿ.

ಇದೆಲ್ಲದರಿಂದ ಮನುಷ್ಯನ ಹೃದಯಕ್ಕೇನು ಲಾಭವೆಂದು ಕೇಳುವವರು 2022ರಲ್ಲಿ ಪ್ರಕಟವಾದ ಕಾಸ್ಮೋಸ್ ಪ್ರಯೋಗವನ್ನು ಮುಂದಿಡುತ್ತಾರೆ. 21,442 ಮಂದಿಯಲ್ಲಿ ದಿನಕ್ಕೆ 500 ಮಿಲಿಗ್ರಾಂ ಕೋಕೊ ಫ್ಲಾವನಾಲ್ (ಕರುಳಿನಲ್ಲಿ ವ್ಯಾಲೆರೊಲ್ಯಾಕ್ಟೋನ್‌ಗಳಾಗುವ ಪಾಲಿಫೀನಾಲ್) ಪಡೆದವರಲ್ಲಿ ಹೃದಯ ಮತ್ತು ರಕ್ತನಾಳಗಳ ಒಟ್ಟು ಅವಘಡಗಳು ಶೇಕಡಾ 10ರಷ್ಟು ತಗ್ಗಿದರೂ ಅದು ಸಂಖ್ಯಾಶಾಸ್ತ್ರದ ಮಟ್ಟಿಗೆ ಖಚಿತವಾಗಲಿಲ್ಲ; ಆ ಕಾರಣದ ಸಾವುಗಳು ಶೇಕಡಾ 27ರಷ್ಟು ಕಡಿಮೆಯಾದುವಾದರೂ ಅದು ಆ ಪ್ರಯೋಗದ ಮುಖ್ಯ ಪ್ರಶ್ನೆಯಾಗಿರಲಿಲ್ಲ. ನನ್ನ ತಕರಾರು ಇಷ್ಟೇ: ಯಾರ ಕರುಳು ಏನನ್ನು ಎಷ್ಟು ತಯಾರಿಸುತ್ತದೆಂದು ವಿಂಗಡಿಸದೆ ತೆಗೆದ ಸರಾಸರಿ, ತಯಾರಿಸುವವರ ಲಾಭವನ್ನು ತಯಾರಿಸದವರ ಲೆಕ್ಕದಲ್ಲಿ ತೆಳುವಾಗಿಸಿಬಿಡಬಹುದು. ಅದಕ್ಕಾಗಿಯೇ ಮುಂದಿನ ಸುತ್ತಿನಲ್ಲಿ ಸೀರಮ್ಮನ್ನು ಮೊದಲು ಅಳೆದು, ಗುಂಪು ಮಾಡಿ, ಆಮೇಲೆಯೇ ಹರಿವಿನ ಕೋಣೆಗೆ ಬಿಡುತ್ತಿದ್ದೇವೆ. ಇದೇ ಕೆಲಸಕ್ಕೆ ಇಳಿಯುವವರು ದುಬಾರಿ ಸೀಸೆಗಳನ್ನು ತರಿಸುವ ಮುನ್ನ ತಮ್ಮ ಟಿಎನ್‌ಎಫ್-ಆಲ್ಫಾದ ಪ್ರಮಾಣವನ್ನು ಪ್ರತಿ ಹೊಸ ದಾನಿಯ ಜೀವಕೋಶಗಳಲ್ಲಿಯೂ ಬೇರೆಯಾಗಿಯೇ ನಿಗದಿಪಡಿಸಿಕೊಳ್ಳಲಿ. ಐದನೆಯ ಪೀಳಿಗೆಯನ್ನು ದಾಟಿದ, ಅಂದರೆ ಐದಕ್ಕಿಂತ ಹೆಚ್ಚು ಬಾರಿ ಹೊಸ ತಟ್ಟೆಗೆ ಬದಲಿಸಿ ಬೆಳೆಸಿದ ಜೀವಕೋಶಗಳ ಮೇಲೆ ಆ ಪುಡಿಯನ್ನು ಚೆಲ್ಲುವುದಂತೂ ಬೇಡವೇ ಬೇಡ.