ಕಟ್ಟೆಮನೆಯಲ್ಲಿ ಕೂತು ಕಲಿಸಿದ ಕಾನೂನು: ನನ್ನ ಅನುಭವ

ಹಟ್ಟಿಯ ಜಗಳಗಳಿಗೆ ನ್ಯಾಯ ಹೇಳುವ ಕಟ್ಟೆಮನೆಯ ಹಿರಿಯರ ಮುಂದೆ ಕಾಯ್ದೆ ಮಾತಾಡಿದರೆ ಎಬ್ಬಿಸಿ ಕಳಿಸ್ತಾರೆ ಅಂತ ನಮ್ಮ ಪಿಎಲ್‌ವಿಗಳೇ (ಜನರಿಗೆ ಕಾನೂನು ನೆರವು ತಲುಪಿಸುವ ಸ್ವಯಂಸೇವಕರು) ಹೇಳಿದ್ದರು. ಚಳ್ಳಕೆರೆ ಸೀಮೆಯ ಪರಿಶಿಷ್ಟ ಪಂಗಡದ ಮ್ಯಾಸಬೇಡರ ಹಟ್ಟಿಗಳಲ್ಲಿ ಈಗ ಆ ಹಿರಿಯರೇ ಫೋನ್ ಮಾಡಿ ಕರೆಯುತ್ತಾರೆ.

ಮೊದಲೆರಡು ವರ್ಷ ನಾನೂ ಕಾನೂನು ಅರಿವಿನ ಶಿಬಿರಕ್ಕೆ ಶಾಮಿಯಾನ ಹಾಕಿಸಿದವನೇ. ಮೈಕು, ಬ್ಯಾನರು, ಚಿತ್ರಾನ್ನ ಸೇರಿ ಒಂದು ಸಲಕ್ಕೆ ಆರೇಳು ಸಾವಿರ. ಅರ್ಧದಷ್ಟು ಕೈಯಿಂದಲೇ ಹೋಯಿತು. ವಕೀಲರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಯಾರಿಗೆ ಉಚಿತ ನೆರವು ಎಂದು ಹೇಳುವ 12ನೇ ಕಲಮಿಗೆ ಬರುವಷ್ಟರಲ್ಲಿ ಕುರಿಯವರು ಎದ್ದು ಹೋಗಿರುತ್ತಿದ್ದರು. ಸಾವಿರ ಕರಪತ್ರ ಹಂಚಿದ್ದೆ. ಮುಂದಿನ ವಾರ ಅಂಗಡಿಯಲ್ಲಿ ಮಂಡಕ್ಕಿ ಕಟ್ಟಿಕೊಟ್ಟದ್ದು ಅದರಲ್ಲೇ.

"ಕಟ್ಟೆ ಸೇರಿದ ದಿನ ಬಾ ತಮ್ಮಾ, ಸುಮ್ನೆ ಕೂತು ಕೇಳು" ಅಂದರು ಒಬ್ಬ ಯಜಮಾನರು. ನಾಲ್ಕು ತಿಂಗಳು ಕೂತೆ. ಬದುವಿನ ಜಗಳ, ದನ ಬೆಳೆ ಮೇಯ್ದದ್ದು, ಗಂಡನ ಮನೆ ಬಿಟ್ಟು ಬಂದವಳ ಮಾತು. ಅವರು ಮುಗಿಸಿದ ನ್ಯಾಯವನ್ನೇ ಹಿಡಿದು ಪಾಠ ಶುರು ಮಾಡಿದೆ: "ಈ ರಾಜಿ ಲೋಕ ಅದಾಲತ್ತಿನಲ್ಲೂ ನಡೆಯುತ್ತೆ ಯಜಮಾನ್ರೇ. ಹದಿನೆಂಟು ತುಂಬದ ಹುಡುಗಿ ಮೇಲೆ ಕೈ ಹಾಕಿದ್ದನ್ನ ಮಾತ್ರ ದಂಡ ಹಾಕಿ ಮುಚ್ಚೋ ಹಾಗಿಲ್ಲ." ಆವತ್ತು ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮತ್ತೆ ಅವರನ್ನು ಹೇಗೆ ಒಲಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಜೊತೆ ಕೂರುವವರಿಗೆ ಹೇಳಿಕೊಡುತ್ತೇನೆ.

ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿಯೂ ನೋಡಿದೆ. ಕನ್ನಡದ್ದನ್ನು ಕೇಳಿದವರು ಕಡಿಮೆ; ಹಟ್ಟಿಯ ಹುಡುಗಿಯೊಬ್ಬಳು ಮನೆಮಾತು ತೆಲುಗಿನಲ್ಲಿ ಹೇಳಿದ ಮೇಲೆ ಊರೂರು ತಿರುಗಿತು.

ದೊಡ್ಡ ತಪ್ಪೂ ಮಾಡಿದ್ದೇನೆ. ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸಮಪಾಲಿದೆ ಎಂದು ಎರಡು ಹಟ್ಟಿಯಲ್ಲಿ ಹೇಳಿಬಂದೆ. ಕಲಂ 2(2)ರ ಪ್ರಕಾರ ಅದು ಪರಿಶಿಷ್ಟ ಪಂಗಡಕ್ಕೆ ತಾನಾಗಿ ಅನ್ವಯಿಸುವುದಿಲ್ಲ. ಮತ್ತೆ ಹೋಗಿ ತಿದ್ದಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗೊಂಡ ಬುಡಕಟ್ಟಿನ ಹೆಣ್ಣುಮಗಳೊಬ್ಬಳ ವಾರಸುದಾರರಿಗೆ ಸಮಪಾಲು ಕೊಟ್ಟ ಮೇಲೆ ಅದನ್ನು ಹೇಳಲು ಮೂರನೇ ಸಲ ಹೋದೆ.

ಆ ಮೂರನೇ ಸಲವೇ ಅಜ್ಜಿಯೊಬ್ಬರು ಟ್ರಂಕಿನ ತಳದಿಂದ ಹಳೇ ಸೀರೆ ತುಂಡಿನಲ್ಲಿ ಸುತ್ತಿದ, ಸರ್ಕಾರ ಜಮೀನು ಮಂಜೂರು ಮಾಡಿದ ಸಾಗುವಳಿ ಚೀಟಿ ತಂದು ಮಡಿಲಿಗೆ ಹಾಕಿದರು. ಮಡಿಕೆ ಮಡಿಕೆಗೂ ಹರಿದಿತ್ತು. ‘ಬೇಡ’, ‘ವಾಲ್ಮೀಕಿ’ ಎಂಬ ಜಾತಿ ಹೆಸರುಗಳು 1991ರಲ್ಲಿ ಎಸ್‌ಟಿ ಪಟ್ಟಿಗೆ ಸೇರಿದ ನಂತರದ ಮಂಜೂರಾತಿ. ಜಮೀನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆಯಾಗಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆಗೆ 2023ರ ತಿದ್ದುಪಡಿ ಬಂದಿರುವುದರಿಂದ ಅರ್ಜಿ ಹಾಕಲು ಕಾಲಮಿತಿಯಿಲ್ಲ. ಝೆರಾಕ್ಸು, ದೃಢೀಕೃತ ನಕಲು, ಬಸ್ಸು ಸೇರಿ ಎಂಟುನೂರರ ಆಸುಪಾಸು ಖರ್ಚು, ವಕೀಲರು ಉಚಿತ. ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಡುವ ದಿನ ಅಜ್ಜಿಯ ಜೊತೆ ಬಸ್ಸು ಹತ್ತಿದವರು, ಆವತ್ತು ನನ್ನ ಜೊತೆ ಮಾತು ಬಿಟ್ಟಿದ್ದ ಅದೇ ಯಜಮಾನರು.